ಸೋಮವಾರ ಶುರುವಾದ ತರಬೇತಿ

ಹಾಜರಿ ಪುಸ್ತಕ ಮುಚ್ಚಿ ಎರಡು ತಾಸಾದ ಮೇಲೆ ದೇವಣಗಾಂವದ ಸೋಮನಿಂಗ ಸಿಂದಗಿಯ ತರಬೇತಿ ಕಚೇರಿಯ ಬಾಗಿಲಿಗೆ ಬಂದು ನಿಂತ. ಎಡಗಾಲು ಚಿಕ್ಕಂದಿನಿಂದ ಕುಂಟು. ಕೈಯಲ್ಲಿ ಬಡಿಗೆ, ಧೋತರ ಮೊಣಕಾಲಿನ ತನಕ ಧೂಳಾಗಿತ್ತು.

ಸಹಕಾರಿ ಸಂಘಗಳ ಕಾರ್ಯದರ್ಶಿಗಳಿಗೆಂದು ವಿಶ್ವವಿದ್ಯಾಲಯ ನಡೆಸುವ ಆರು ದಿನಗಳ ತರಬೇತಿ ಅದು. ಎಪ್ಪತ್ತಾರರ ಮಾರ್ಚಿನೊಳಗೆ ಇದನ್ನು ಮುಗಿಸದವನಿಗೆ ಕೆಲಸವಿಲ್ಲ ಎಂದು ಹೊಸ ಹುಕುಂ ಬಂದಿತ್ತು. ಇದೇ ಕೊನೆಯ ತಂಡ. ಹನ್ನೊಂದು ಗಂಟೆಯೊಳಗೆ ಬಾರದವನ ಜಾಗ ಬೇರೆಯವನಿಗೆ. ಕಚೇರಿಯ ಗುಮಾಸ್ತ ಶಂಕರೆಪ್ಪ ಸೋಮನಿಂಗನ ಜಾಗದಲ್ಲಿ ಅಗರಖೇಡದವನೊಬ್ಬನ ಹೆಸರು ಬರೆದೂ ಆಗಿತ್ತು.

“ಭಾಳ ತಡಾ ಆತಲ್ರಿ.”

“ಡಾಂಬರ ರಸ್ತಾಕ ಬರೂದ್ರಾಗ ಮುಂಜಾನಿ ಬಸ್ಸು ಹೋಗಿತ್ರಿ. ಮೂರು ಹರದಾರಿ ನಡಕೋತ ಬಂದೇನಿ. ಒಳಗ ಬಿಡ್ರಿ ಸಾಹೇಬ್ರ, ಈ ಕೆಲಸ ಹೋದ್ರ ಈ ಕಾಲ ಕಟಗೊಂಡು ನಾ ಹೊಲಾ ಮಾಡಾಕ ಆಗೂದಿಲ್ಲ.”

“ಬಂಡಿ ಹೂಡಿಸಬೇಕಿತ್ತಲ್ರಿ?”

ಸೋಮನಿಂಗ ಅವನ ಮುಖವನ್ನೇ ನೋಡಿದ. “ಇವತ್ತ ಸೋಮಾರ ಅಲ್ರಿ?”

ಸೋಮವಾರ ಬಸವನ ವಾರ, ಅಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ ಎಂಬುದನ್ನು ಗೊಳಸಂಗಿಯ ಒಕ್ಕಲು ಮನೆಯಲ್ಲಿ ಹುಟ್ಟಿದ ಶಂಕರೆಪ್ಪನಿಗೆ ಯಾರು ಹೇಳಿಕೊಡಬೇಕು? ಮೈಸೂರು ಕಡೆಯ ಸಂಚಾಲಕರು ಕರೆಪತ್ರದಲ್ಲಿ ತಾರೀಖಿನ ಜಾಗ ಖಾಲಿ ಬಿಟ್ಟು, “ಈ ಊರುಗಳ ಅನುಕೂಲ ನಿನಗೆ ಗೊತ್ತು, ನೀನೇ ಹಾಕು” ಎಂದಿದ್ದರು. ಸೋಮವಾರ ಶುರುವಾದರೆ ಶನಿವಾರ ಸಂಜೆಯ ಬಸ್ಸಿಗೆ ಹೆಂಡತಿ ಮಕ್ಕಳ ಬಳಿ ಹೋಗಬಹುದು ಎಂದು ಇವನು ತನ್ನ ಅನುಕೂಲ ನೋಡಿಕೊಂಡಿದ್ದ. ಎಂಟು ವರ್ಷ ಕುರ್ಚಿಯ ಮೇಲೆ ಕುಳಿತ ಪುಣ್ಯಾತ್ಮನಿಗೆ ಎತ್ತುಗಳು ನೆನಪಾಗಿರಲೇ ಇಲ್ಲ.

“ನಿಂದರ್ರಿ, ಕೇಳಿ ಬರ್ತೇನಿ,” ಎಂದು ಒಳಗೆ ಹೋದ.

ಸಂಚಾಲಕರು ಕಾಗದದಿಂದ ತಲೆ ಎತ್ತಲಿಲ್ಲ. “ತಡವಾಗಿದ್ದು ಯಾಕಂತೆ?”

ಕಾರಣ ಹೇಳಿದರೆ ಬಹುಶಃ ಬಿಟ್ಟುಕೊಳ್ಳುತ್ತಿದ್ದರು, ಮನುಷ್ಯ ಕೆಟ್ಟವರಲ್ಲ. ಆದರೆ ಅದರ ಬೆನ್ನಿಗೇ, ‘ಹಾಗಾದರೆ ಸೋಮವಾರ ಯಾಕೆ ಹಾಕಿದೆ?’ ಎಂದು ಕೇಳದೆ ಇರುತ್ತಿರಲಿಲ್ಲ.

“ಏನೂ ಹೇಳಲಿಲ್ರಿ ಸರ್.”

“ಸರಿ, ಕಳಿಸಿಬಿಡು. ಕಾರಣ ತಿಳಿಸಿಲ್ಲ ಅಂತ ಅವರ ಸಂಘಕ್ಕೊಂದು ಪತ್ರ ಹಾಕು.”

ಶಂಕರೆಪ್ಪ ಹೊರಗೆ ಬಂದು ಇಲ್ಲವೆಂದು ತಲೆಯಾಡಿಸಿದ. ಸೋಮನಿಂಗ ಬಡಿಗೆಯನ್ನು ಕಂಕುಳಿಗೆ ಸಿಗಿಸಿ ಎರಡೂ ಕೈ ಮುಗಿದ.

“ಇರ್ಲಿ ಬಿಡ್ರಿ. ನಮ್ಮ ಸಂಕಟ ಹೇಳಾಕ ನಮ್ಮ ಕಡ್ಯಾಂವ ಒಬ್ಬನಾದ್ರೂ ಒಳಗ ಅದಾನಲ್ಲ, ಅಷ್ಟ ಸಾಕು.”