ತಿಂದು ತೋರಿಸುವ ಡಬ್ಬ

ಬೇಯಿಸಿದ ಗೆಣಸನ್ನು ಎರಡು ಹೋಳು ಮಾಡಿ ಕುಪ್ಪುಸಾಮಿ ಅದನ್ನು ವ್ಯಾಸರಾಯನ ಮೂಗಿನ ಕೆಳಗೇ ಹಿಡಿದ.

"ಮೂಸಿ ನೋಡಿ ಸಾರ್. ನಮ್ಮ ಮನೆ ಮಕ್ಕ ಕೂಡ ತಿನ್ನಾದಿಲ್ಲ."

ವ್ಯಾಸರಾಯ ಮೂಸಿದ. ಏನೂ ವಾಸನೆ ಬರಲಿಲ್ಲ, ಹಾಗೆಂದೇ ಹೇಳಿದ. ಅವನ ಬಾಯಿಂದ ಅಂದು ಹೊರಟ ನಿಜವಾದ ಮಾತು ಅದೊಂದೇ. ಹುಳು ಕೊಲ್ಲುವ ಬಿ.ಎಚ್.ಸಿ. ಪುಡಿಯ ಮೂಟೆಗಳ ನಡುವೆ ಆರು ವರ್ಷ ಕೂತೆದ್ದ ಮೂಗಿಗೆ ಮಲ್ಲಿಗೆಯೂ ಒಂದೇ, ಸೆಗಣಿಯೂ ಒಂದೇ ಆಗಿತ್ತು.

ಕೊಯಮತ್ತೂರಿನ ಕಂಪನಿಯೊಂದಕ್ಕೆ ಅವನು ಪುಡಿಯ ಪ್ರಚಾರಕ. ಹಳ್ಳಿಹಳ್ಳಿಗೆ ಬಸ್ಸಿನಲ್ಲಿ ಹೋಗಿ ಭಾಷಣ ಬಿಗಿಯುವುದು, ಮೂಟೆ ಮಾರುವುದು ಅವನ ಕೆಲಸ. ಧಾರಾಪುರಂ ಹತ್ತಿರದ ಈ ಹಳ್ಳಿಯ ಚಾವಡಿಯಲ್ಲಿ ಅಂದು ನಲವತ್ತು ರೈತರು ಸೇರಿದ್ದರು. ಅವರಲ್ಲಿ ಬಾಯಿ ಇದ್ದವನು ಕುಪ್ಪುಸಾಮಿ ಒಬ್ಬನೇ.

ಅವನ ದೂರು ಸಣ್ಣದಾಗಿರಲಿಲ್ಲ. ಹತ್ತಿಗೆಂದು ಮೂರು ವರ್ಷ ಪುಡಿ ಹೊಡೆದಿದ್ದನಂತೆ. ಹುಳು ಸತ್ತವು, ಸರಿ. ಆಮೇಲೆ ಅದೇ ಎರಡೆಕರೆಗೆ ಗೆಣಸು ಹಾಕಿದ, ಒಂದು ಚಿಟಿಕೆ ಪುಡಿಯನ್ನೂ ಸೋಕಿಸಲಿಲ್ಲ. ಆದರೂ ಗೆಡ್ಡೆಯೆಲ್ಲ ಪುಡಿ ನಾರುತ್ತಿದೆ. ಮಂಡಿಯವರು ಎರಡು ಸಲ ಗಾಡಿಯನ್ನೇ ವಾಪಸು ಕಳಿಸಿದರು. ನೆಲ ಕೆಟ್ಟಿದ್ದರೆ ಕೆಟ್ಟಿತು ಎಂದು ಹೇಳಿಬಿಡಿ, ಉಳಿದವರ ಹೊಲವಾದರೂ ಉಳಿಯಲಿ ಎಂದು ಅವನು ಕೇಳಿದ.

ಕುಣಿಯಲಾರದವಳಿಗೆ ನೆಲ ಡೊಂಕು ಎಂದು ವ್ಯಾಸರಾಯ ನಕ್ಕ. ಚಾವಡಿಯೂ ನಕ್ಕಿತು.

ನೆಲ ನಿಜವಾಗಿಯೂ ಕೆಟ್ಟಿದೆ ಎಂಬುದು ಅವನಿಗೆ ಗೊತ್ತಿತ್ತು. ಕಂಪನಿಯ ಪ್ರಯೋಗದ ತಾಕಿನ ವರದಿಯನ್ನು ಅವನೇ ಓದಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದ. ಪುಡಿ ಮಳೆಗೆ ತೊಳೆದು ಹೋಗುವುದಿಲ್ಲ, ಬಿಸಿಲಿಗೆ ಬೇಗ ಸಾಯುವುದಿಲ್ಲ. ಹೋದ ವರ್ಷದ್ದರ ಮೇಲೆ ಈ ವರ್ಷದ್ದು ಕೂತು ಮಣ್ಣಿನಲ್ಲಿ ಬೆಳೆಯುತ್ತಲೇ ಹೋಗುತ್ತದೆ. ಮಣ್ಣಿನಿಂದ ಗೆಡ್ಡೆಗೆ, ಕಡಲೆಕಾಯಿಯ ಎಣ್ಣೆಗೆ, ಸೊಪ್ಪು ಮೇಯ್ದ ಹಸುವಿನ ಬೆಣ್ಣೆಗೆ ಏರುತ್ತದೆ. ತಿಂದವರ ಕೊಬ್ಬಿನಲ್ಲಿ ಕೂತರೆ ಬೇಗ ಏಳುವುದಿಲ್ಲ. ಅದಕ್ಕೇ ಅವನ ಮನೆಯ ತರಕಾರಿ ಪೋತ್ತನೂರಿನ ರೈಲ್ವೆ ಕ್ವಾರ್ಟರ್ಸ್ ಹಿಂದಿನ, ಪುಡಿಯನ್ನೇ ಕಾಣದ ಹಿತ್ತಲೊಂದರಿಂದ ಬರುತ್ತಿತ್ತು. ಊರಿಗೆಲ್ಲ ಬುದ್ಧಿ ಹೇಳುವವನು ತನ್ನ ಹೊಟ್ಟೆಯನ್ನು ಮಾತ್ರ ಜೋಪಾನವಾಗಿ ಕಾಪಾಡಿಕೊಂಡಿದ್ದ.

ಕುಪ್ಪುಸಾಮಿ ಬಿಡಲಿಲ್ಲ. "ಮನ್ಸರಿಗೆ ಒಂದೂ ಆಗಾದಿಲ್ಲಂತ ನೀವೇ ಹೇಳ್ತೀರಿ. ಹಂಗಾದ್ರೆ ತಿನ್ನಿ ಸಾರ್, ನೋಡಾನ."

ವ್ಯಾಸರಾಯ ಈ ಮಾತಿಗೇ ಕಾದಿದ್ದ. ಚೀಲದಿಂದ ತಗಡಿನ ಡಬ್ಬ ತೆಗೆದು ಮುಚ್ಚಳ ಬಿಚ್ಚಿ, ಮೊದಲು ನೀನೇ ನೋಡು, ಆಮೇಲೆ ಮಾತು ಬೇಡ ಎಂದು ಅದನ್ನು ಕುಪ್ಪುಸಾಮಿಗೆ ಕೊಟ್ಟ. ಅವನು ಮೂಸಿ ಮುಖ ಹಿಂಡಿದ. ಅದೇ ಪುಡಿ, ತನ್ನ ಗೆಣಸಿನದ್ದೇ ನಾತ ಎಂದು ಎಲ್ಲರಿಗೂ ಸಾರಿದ.

ವ್ಯಾಸರಾಯನಿಗೆ ನಗು ತಡೆಯುವುದೇ ಕಷ್ಟವಾಯಿತು. ಡಬ್ಬದಲ್ಲಿದ್ದದ್ದು ಅವನ ಹೆಂಡತಿ ಅಂಬುಜಮ್ಮ ತುಂಬಿಕೊಟ್ಟ ಅಕ್ಕಿ ಹಿಟ್ಟು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅಕ್ಕಿ ಹಿಟ್ಟಿನಲ್ಲಿ ವಿಷದ ವಾಸನೆ ಹಿಡಿಯುವ ಇಂಥ ಮೂಗನ್ನು ನಂಬಿ ಕಂಪನಿ ಬಾಗಿಲು ಮುಚ್ಚಬೇಕೇ?

ಮೂರು ಬೆರಳಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡ. ಚಪ್ಪರಿಸಿದ. ಇನ್ನೊಂದು ಚಿಟಿಕೆ ಹಾಕಿಕೊಂಡು ಮೇಲೆ ಒಂದು ಲೋಟ ಮಜ್ಜಿಗೆ ಕುಡಿದ. ಅವಿನಾಶಿಯಿಂದ ಪಲ್ಲಡದವರೆಗೆ ಮೂರು ವರ್ಷದಿಂದ ವಾರಕ್ಕೆ ನಾಲ್ಕು ಸಲ ಆಡಿದ ಆಟ. ಹಿಟ್ಟು ಯಾಕೋ ಮುಗ್ಗಲಾಗಿತ್ತು, ಕಹಿ. ಹೆಂಡತಿಯ ಜಿಪುಣತನವೇ ಇರಬೇಕು ಎಂದುಕೊಂಡ.

ಆಮೇಲೆ ಚಾವಡಿಯಲ್ಲಿ ಕುಪ್ಪುಸಾಮಿಯ ಮಾತಿಗೆ ಕವಡೆ ಕಿಮ್ಮತ್ತೂ ಉಳಿಯಲಿಲ್ಲ. ಹೊಲ ಮಾಡಲು ಬಾರದವನೆಂದು ಅವನ ಅಣ್ಣನೇ ಹಂಗಿಸಿದ. ಎಲ್ಲರೂ ಮೂಟೆ ಹೊತ್ತರು. ಕೊನೆಗೆ ಕುಪ್ಪುಸಾಮಿಯೂ ಹೆಗಲ ಮೇಲಿನ ತುಂಡುಬಟ್ಟೆಯನ್ನು ತಲೆಗೆ ಸುತ್ತಿಕೊಂಡು, ಓದಿದವರೇ ತಿಂದ ಮೇಲೆ ತಾನೇನು ಹೇಳುವುದು ಎನ್ನುತ್ತ ಒಂದು ಮೂಟೆ ಎತ್ತಿದ. ವ್ಯಾಸರಾಯನಿಗೆ ಕನಿಕರ ಹುಟ್ಟಲಿಲ್ಲ. ಇಂಥ ದಡ್ಡರಿಗೆ ಹೊಲವೇ ದಂಡ ಎನಿಸಿತು.

ಸಂಜೆ ಮನೆ ಸೇರಿದಾಗ ತುಟಿ ಜುಮುಜುಮು ಎನ್ನುತ್ತಿತ್ತು. ಕಾಫಿಯನ್ನು ಲೋಟದಿಂದ ಡಬರಕ್ಕೆ ಸುರಿಯುವಾಗ ಕೈ ನಡುಗಿ ಅರ್ಧ ಪಂಚೆಯ ಮೇಲೆ ಬಿತ್ತು. ಕೆಲವು ತಿಂಗಳಿಂದ ಹೀಗೇ ಆಗುತ್ತಿತ್ತು. ಬಸ್ಸಿನ ಕುಲುಕಾಟ ಎಂದು ಡಾಕ್ಟರು ನರಕ್ಕೆ ಟಾನಿಕ್ ಬರೆದಿದ್ದರು.

ಆ ಡಬ್ಬದಿಂದ ತಾನು ತಿನ್ನುವ ಸಂಗತಿಯನ್ನು ಅವನು ಹೆಂಡತಿಗೆ ಹೇಳಿರಲಿಲ್ಲ. ಕಂಡಕಂಡ ಜಾತಿಯವರ ನಡುವೆ ಕೂತು ತಿಂದನೆಂದು ತಿಳಿದರೆ ಅಂಬುಜಮ್ಮ ಅವನನ್ನು ಜಗಲಿ ಹತ್ತಿಸುತ್ತಿರಲಿಲ್ಲ. ಜನಕ್ಕೆ ತೋರಿಸಲು ಅಕ್ಕಿ ಹಿಟ್ಟು ಬೇಕು ಎಂದಷ್ಟೇ ಹೇಳಿದ್ದ. ಜಗಲಿಯ ಮೂಲೆಯಲ್ಲಿ ಪುಡಿಯ ಮಾದರಿ ಮೂಟೆ ಇಟ್ಟದ್ದಕ್ಕೆ ಅವಳು ಗೊಣಗಿದಾಗ, ಹಳ್ಳಿಯವರಿಗೆ ಮಾಡುವ ಭಾಷಣವನ್ನೇ ಅವಳಿಗೂ ಮಾಡಿ ಬಾಯಿ ಮುಚ್ಚಿಸಿದ್ದ.

ಈಗ ಹಿಟ್ಟು ಹಳತಾಗಿದೆ, ನಾಳೆ ಅಡುಗೆಮನೆಯ ಹೊಸ ಹಿಟ್ಟು ತುಂಬು ಎಂದ.

"ಊರೂರು ಸುತ್ತಿ ಬಂದ ಡಬ್ಬ ಅದು," ಎಂದಳು ಅಂಬುಜಮ್ಮ. "ಮಡಿ ಹಿಟ್ಟಿನ ಹತ್ರ ತರಕ್ಕಾಗತ್ತಾ? ಮೊದಲಿಂದ್ಲೂ ಬಾಗಿಲಿಗೆ ರಂಗೋಲಿ ಹಾಕೋ ಕೋಲದ ಹಿಟ್ಟನ್ನೇ ತುಂಬ್ತಾ ಇದೀನಿ."

ಅದೂ ಅಕ್ಕಿ ಹಿಟ್ಟೇ ತಾನೇ ಎಂದು ಅವನು ಡಬರ ತುಟಿಗಿಟ್ಟ.

"ಅಕ್ಕಿ ಹಿಟ್ಟೇ. ಇರುವೆ ಮುತ್ತತ್ತೆ ಅಂತ ಜಗಲಿ ಮೂಟೇದು ಅರ್ಧಕ್ಕರ್ಧ ಬೆರೆಸಿಡ್ತೀನಿ. ಮನುಷ್ಯರಿಗೆ ಏನೂ ಆಗಲ್ಲ ಅಂತ ನೀವೇ ಹೇಳಿದ್ರಲ್ಲ."