ಪರದೆಯ ಕೆಳಗಿನ ಗೇಣು

ಎರಡು ಗುಟುಕು ಹೀರಿದ ಮಗು ಬಾಟಲಿಯನ್ನು ನಾಲಿಗೆಯಿಂದ ಹೊರದೂಡಿತು. ಕತ್ತು ತಿರುಗಿಸಿ ಮಲಗುವ ಕೋಣೆಯ ಪರದೆಯತ್ತ ನೋಡಿತು. ಕೆಳತುಟಿ ಮುಂದೆ ಬಂತು, ನಡುಗಿತು. ಆಮೇಲೆ ಸೂರು ಹಾರಿಹೋಗುವಂಥ ಅಳು. ಬೆಳಗಿನಿಂದ ಇದು ಮೂರನೇ ಸಲ. ಗಂಟೆ ಹನ್ನೊಂದೂವರೆ.

"ಆರು ಗಂಟೆಗೆ ಕುಡಿದಿದ್ದು ಕಣೋ," ಅಜ್ಜಿ ಮಗುವಿನ ಹೊಟ್ಟೆ ಮುಟ್ಟಿ ನೋಡಿದರು. "ಬೆನ್ನಿಗೆ ಅಂಟಿಕೊಂಡಿದೆ."

"ಅಮ್ಮ, ನೀನು ಬೇರೆ ಹೆದರಿಸಬೇಡ," ಅಂದರು ಮಗ, ಶಾಲೆಯ ಡ್ರಾಯಿಂಗ್ ಮೇಷ್ಟ್ರು. ಹೆಂಡತಿಯ ಹೆರಿಗೆ ರಜೆ ನಿನ್ನೆಗೆ ಮುಗಿದಿತ್ತು. ಮೇಷ್ಟ್ರ ಸಜೆ ಶುರುವಾಗಿತ್ತು. ಅವಳು ಮಾತ್ರೆ ಕಾರ್ಖಾನೆಯಲ್ಲಿ ಓಡುವ ಬೆಲ್ಟಿನ ಮುಂದೆ ನಿಂತು ಮುರುಕು ಮಾತ್ರೆ ಹೆಕ್ಕುವವಳು. ಒಳಗೆ ಹೋಗುವ ಮುಂಚೆ ಫೋನನ್ನು ಕಪಾಟಿಗೆ ಹಾಕಿ ಬೀಗ ಜಡಿಯಬೇಕು. ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತಾ ಹೇಳಿ ಹೋಗಿದ್ದಳು: "ಊಟದ ಬಿಡುವಲ್ಲಿ, ಒಂದಕ್ಕೆ ಫೋನ್ ಮಾಡ್ತೀನಿ ರೀ. ಅಷ್ಟರಲ್ಲಿ ಒಂದು ಬಾಟಲಿನೂ ಕುಡಿದಿಲ್ಲ ಅಂದ್ರೆ, ಕೆಲಸಕ್ಕೆ ಒಂದು ದೊಡ್ಡ ನಮಸ್ಕಾರ ಹಾಕಿ ಹಂಗೇ ಬಂದ್ಬಿಡ್ತೀನಿ." ಒಂಬತ್ತು ವರ್ಷದ ಕೆಲಸ. ಮುಂದಿನ ತಿಂಗಳು ಆ ಬೆಲ್ಟಿಗೆ ಅವಳೇ ಮೇಲ್ವಿಚಾರಕಿ. ಆದರೆ ಹೇಳಿದ್ದನ್ನು ಮಾಡಿಯೇ ತೀರುವವಳು ಅನ್ನುವುದು ಮೇಷ್ಟ್ರಿಗೆ ಮದುವೆಯಾದ ವಾರದಲ್ಲೇ ಗೊತ್ತಾಗಿತ್ತು.

ಹಾಗಂತ ಓದದೆ ಪರೀಕ್ಷೆಗೆ ಕೂತವರೇನಲ್ಲ ಇವರು. ಅಮ್ಮ ಕಣ್ಣೆದುರು ಇದ್ದರೆ ಮಗು ಬಾಟಲಿ ಹಿಡಿಯುವುದಿಲ್ಲ ಅಂತ ಪಕ್ಕದ ಮನೆಯ ನರ್ಸು ಹೇಳಿಕೊಟ್ಟಿದ್ದಳು. ಎಂಟು ದಿನ ತಾಲೀಮು ನಡೆದಿತ್ತು. ಮೇಷ್ಟ್ರು ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಳ್ಳುವುದು, ಹೆಂಡತಿ ಪರದೆಯ ಹಿಂದೆ ಉಸಿರು ಬಿಗಿಹಿಡಿದು ನಿಲ್ಲುವುದು. ಎಂಟು ದಿನವೂ ಮಗು ಗಟಗಟ ಕುಡಿದಿತ್ತು. ಇವತ್ತು ಮಾತ್ರ ಖಾಲಿ ಉತ್ತರಪತ್ರಿಕೆ.

ಮೇಷ್ಟ್ರು ತಮ್ಮ ಗಂಟಲಲ್ಲಿದ್ದ ಕಲೆಯನ್ನೆಲ್ಲ ಹೊರತೆಗೆದರು. ಹೆಡ್‌ಮಾಸ್ಟರ ಗೊಗ್ಗರು ದನಿಯಲ್ಲಿ "ಏಯ್, ಕುಡೀತೀಯೋ, ಬೆಂಚ್ ಮೇಲೆ ನಿಲ್ಲಿಸಲೋ?" ಅಂದರು. ಕಾಗೆಯಾದರು, ಕುಕ್ಕರಾದರು, ಕಿಕ್ ಹೊಡೆದರೂ ಏಳದ ಸ್ಕೂಟರಾದರು. ಕೊನೆಗೆ ಹೆಂಡತಿಯ ದನಿ ತೆಗೆದು, "ಚಿನ್ನೂ... ಬಂದೇ ಕಂದಾ," ಅಂದರು. ಮಗು ಥಟ್ಟನೆ ಅಳು ನಿಲ್ಲಿಸಿ ಪರದೆಯ ಕಡೆ ನೋಡಿತು. ಯಾರೂ ಬರಲಿಲ್ಲ. ಆಮೇಲೆ ಅದು ಅತ್ತ ಅಳುವೇ ಬೇರೆ.

"ಥೂ, ಆ ದನಿ ಮಾತ್ರ ತೆಗೀಬೇಡ ಕಣೋ," ಅಜ್ಜಿ ಕಣ್ಣೊರೆಸಿಕೊಂಡರು. "ನಾನೇ ತಿರುಗಿ ನೋಡ್ದೆ."

ಎರಡನೇ ಬಾಟಲಿಯ ಹಾಲೂ ಬಚ್ಚಲು ಸೇರಿತು. ಅವಳು ನಸುಕಿನಲ್ಲೆದ್ದು ಹಿಂಡಿಟ್ಟು ಹೋದ ಹಾಲು. ಚೆಲ್ಲುವಾಗ ಅಜ್ಜಿ ಮುಖ ಆಚೆ ಮಾಡಿದರು. ಫ್ರಿಜ್ಜಿನಲ್ಲಿ ಉಳಿದದ್ದು ಒಂದೇ. ಹನ್ನೆರಡರ ಹೊತ್ತಿಗೆ ಮಗು ಅಳುವುದಕ್ಕೂ ತ್ರಾಣವಿಲ್ಲದೆ ಕುಂಯ್‌ಗುಟ್ಟತೊಡಗಿತು. ಮೇಷ್ಟ್ರು ಅದನ್ನು ಚಾಪೆಯ ಮೇಲೆ ಮಲಗಿಸಿ, ತಾವೂ ಪಕ್ಕದಲ್ಲಿ ನೆಲಕ್ಕೆ ಕೆನ್ನೆಯಾನಿಸಿ ಬಿದ್ದುಕೊಂಡರು. ಮಗು ನೋಡುತ್ತಿದ್ದ ಕಡೆಗೇ ನೋಡಿದರು. ಪರದೆ ನೆಲ ಮುಟ್ಟುತ್ತಿರಲಿಲ್ಲ. ಕೆಳಗೆ ಒಂದು ಗೇಣು ಬಯಲು. ಒಳಗಿನ ಮಂಚದ ಕಾಲು ಸ್ಪಷ್ಟವಾಗಿ ಕಾಣುತ್ತಿತ್ತು.

"ಅಮ್ಮಾ!" ಮೇಷ್ಟ್ರು ಎದ್ದು ಕೂತರು. "ಎಂಟು ದಿನಾನೂ ಇವಳು ಅವಳ ಕಾಲು ನೋಡ್ಕೊಂಡೇ ಕುಡಿದಿದಾಳೆ! ನಾವು ಮೇಲಿಂದ ನೋಡ್ತಿದ್ವಿ, ಇವಳು ಕೆಳಗಿಂದ."

ಅಜ್ಜಿ ಎದ್ದು ಹೋಗಿ ಪರದೆಯ ಹಿಂದೆ ನಿಂತರು. ಮಗು ಆ ಒರಟು ಪಾದಗಳನ್ನು ಒಮ್ಮೆ ನೋಡಿ ಮುಖ ತಿರುಗಿಸಿತು.

"ಕಳ್ಳಿಗೆ ಗೊತ್ತಾಗೋಯ್ತು," ಒಳಗಿನಿಂದ ದನಿ. ಆಮೇಲೆ ಪರದೆ ಸರಿಸಿ ಅಜ್ಜಿ ತಲೆ ಹೊರಹಾಕಿದರು. "ಲೋ, ನಿನ್ನ ಹೆಂಡತಿದು ಆ ಉಗುರಿನ ಕೆಂಪು ಬಣ್ಣ ಎಲ್ಲಿದೆ?"

ಆ ಬಣ್ಣಕ್ಕೆ "ಕಾಲಿಗೂ ಲಿಪ್‌ಸ್ಟಿಕ್ಕಾ?" ಅಂತ ಮೂರು ವರ್ಷದಿಂದ ಮೂಗು ಮುರಿಯುತ್ತಿದ್ದವರು, ತಾಲೀಮಿನ ದಿನಗಳಲ್ಲಿ ಸೊಸೆ ತೊಡುತ್ತಿದ್ದ ಹಸಿರು ನೈಟಿ ತೊಟ್ಟು ಬಂದು ಸ್ಟೂಲಿನ ಮೇಲೆ ಪಾದ ಇಟ್ಟರು. ಮೇಷ್ಟ್ರು ಬಳಿಯತೊಡಗಿದರು. ಒಂದೊಂದು ಉಗುರಿನ ಅಂಚನ್ನೂ ಚಿತ್ರದ ಗೆರೆಯಂತೆ ತಿದ್ದಿದರು.

"ಬೇಗ ಬಳಿಯೋ! ಗೋಡೆಗೆ ತೂಗುಹಾಕ್ತೀಯಾ ನನ್ನ ಕಾಲನ್ನ?"

ಕೊನೆಯ ಬಾಟಲಿ ಬಿಸಿನೀರಿನಲ್ಲಿ ಬೆಚ್ಚಗಾಗಿ ಬಂತು. ಮಗು ಎರಡು ಗುಟುಕು ಹೀರಿ, ನಿಲ್ಲಿಸಿ, ಕತ್ತು ತಿರುಗಿಸಿತು. ಹಸಿರು ಅಂಚು, ಕೆಂಪು ಉಗುರು. ನೋಡಿಯೇ ನೋಡಿತು. ಮೇಷ್ಟ್ರ ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕಿತು. ಮೂರನೇ ಗುಟುಕು. ನಾಲ್ಕನೇದು. ಆಮೇಲೆ ಎಣಿಸಲಾಗದಷ್ಟು ಬೇಗ ಬೇಗ, ಬಾಟಲಿಯಲ್ಲಿ ಗಾಳಿಯ ಗುಳ್ಳೆಗಳು ಮೇಲೇರಿದವು.

ಒಂದು ಗಂಟೆಗೆ ಸರಿಯಾಗಿ ಫೋನು.

"ರೀ?" ಅಷ್ಟೇ ಅಂದಳು ಹೆಂಡತಿ. ಹಿಂದೆ ತಟ್ಟೆಗಳ ಸದ್ದು.

"ಕುಡಿದ್ಲು ಕಣೆ. ಪೂರ್ತಿ ಬಾಟಲಿ."

ಆ ಕಡೆ ಉಸಿರು ಬಿಟ್ಟಿದ್ದು ಕೇಳಿಸಿತು.

"ನನ್ನ... ಹುಡುಕ್ಲಿಲ್ವಾ?" ದನಿ ಸಣ್ಣಗಾಗಿತ್ತು.

ಮೇಷ್ಟ್ರು ತೊಡೆಯ ಮೇಲೆ ನೋಡಿದರು. ಮಗುವಿನ ಕಣ್ಣು ಅರ್ಧ ಮುಚ್ಚಿತ್ತು. ಉಳಿದರ್ಧ ಇನ್ನೂ ಪರದೆಯ ಕಡೆಗೇ ಇತ್ತು.

"ಹುಡುಕಿದ್ಲು," ಅಂದರು.

"ಆಮೇಲೆ?"

"ನೀನು ಸಿಕ್ಕಿದೆ."

ಪರದೆಯ ಕೆಳಗೆ, ಬಲಗಾಲಿನ ಕೆಂಪು ಹೆಬ್ಬೆರಳು ಎಡಗಾಲನ್ನು ಕೆರೆಯಲು ಮೇಲೆದ್ದು, ಅರ್ಧದಲ್ಲೇ ನೆನಪಾಗಿ, ಮೆಲ್ಲಗೆ ಮತ್ತೆ ನೆಲಕ್ಕಿಳಿಯಿತು.