ನಾಲ್ಕನೆಯ ದನಿ

ಸೋಂಕು ಐವತ್ತು ದಾಟಿದವರ ದನಿಯನ್ನಷ್ಟೇ ಒಯ್ಯುತ್ತಿತ್ತು. ಹಾಗಾಗಿ ವಿಶ್ವವಿದ್ಯಾಲಯದ ಹಿರಿಯರ ಆನ್‌ಲೈನ್ ಪಾಠಗಳನ್ನು ಅವರದೇ ದನಿಯನ್ನು ಅನುಕರಿಸಿ ಮಾಡುವ ಕೆಲಸ ಅತಿಥಿ ಉಪನ್ಯಾಸಕರ ಪಾಲಿಗೆ ಬಂದಿತ್ತು. ಒಲ್ಲೆನೆಂದವರ ಗುತ್ತಿಗೆ ಅಲ್ಲಿಗೇ ಮುಗಿಯುತ್ತಿತ್ತು. ತೀರ್ಥೇಶ ಬೆಳಗ್ಗೆಯಿಂದ ಮೂವರು ಪ್ರೊಫೆಸರುಗಳಾಗಿ, ಒಬ್ಬರ ಕೆಮ್ಮನ್ನೂ ಬಿಡದೆ, ಪಾಠ ಮುಗಿಸಿದ್ದ.

“ಕುಲಸಚಿವರ ದನೀನೂ ಹೋಯ್ತಂತೆ. ಮೂರು ಗಂಟೆ ಸಭೆಗೆ ನೀನೇ ಅವ್ರು. ಪ್ರಮೋಷನ್ ಬಂತಲ್ಲೋ!” ಎಂದಳು ಪಕ್ಕದ ಮೇಜಿನ ರುಬೀನಾ. ಊಟದ ಹೊತ್ತಿನಲ್ಲೂ ಅವಳು ಡೀನ್ ಮೇಡಂ ದನಿ ಬಿಟ್ಟಿರಲಿಲ್ಲ.

ಅಷ್ಟರಲ್ಲಿ ಮಗಳ ಫೋನ್ ಬಂತು.

“ಪುಟ್ಟೀ, ಊಟ ಆಯ್ತಾ?”

“ನೀವ್ಯಾರು ತಾತಾ? ಅಪ್ಪಂಗೆ ಕೊಡಿ.”

ಗಂಟಲು ಸರಿಮಾಡಿಕೊಂಡು ಮತ್ತೆ ಮತ್ತೆ ಕರೆದ. ಒಮ್ಮೆ ಒಬ್ಬ ಪ್ರೊಫೆಸರು ಬಂದರು, ಒಮ್ಮೆ ಇನ್ನೊಬ್ಬರು. ಅವನು ಮಾತ್ರ ಬರಲಿಲ್ಲ. ಮಗು ಅಳತೊಡಗಿತು.

ಕೊನೆಗೆ ಅವನ ಬಾಯಿಂದ ಕುಲಸಚಿವರೇ ಸಮಾಧಾನ ಮಾಡಿದರು: “ಅಳಬೇಡಮ್ಮ, ನಿಮ್ಮಪ್ಪ ಕ್ಲಾಸಲ್ಲಿದ್ದಾರೆ.”